ಸೊನ್ನೆ ಅಂತ ಬರೆದ ಮನೆಗಳು

ಸಮಾಜಕಾರ್ಯ ಸಂಶೋಧನೆಗೆ ಬಂದ ಹೊಸದರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದು ಸೊನ್ನೆ. ನನ್ನ ಕೈಯಾರೆ, ನೀಲಿ ಪೆನ್ನಿನಲ್ಲಿ, ಗುಂಡಗೆ ಬರೆದದ್ದು.

ಯಾವ ಕುಟುಂಬಗಳಿಗೆ ಕಾಯಿಲೆಯ ಹೊರೆ ಜಾಸ್ತಿ, ಅದಕ್ಕೂ ಆದಾಯಕ್ಕೂ ಏನು ಸಂಬಂಧ ಅಂತ ನೋಡಲು ಆಗ ಮನೆ ಮನೆಗೆ ಹೋಗುತ್ತಿದ್ದೆವು. ಫಾರಂ ಉದ್ದ. ಆರೋಗ್ಯದ ಪುಟ ಬರುವಷ್ಟರಲ್ಲಿ ಕೇಳುವವರಿಗೂ ಸುಸ್ತು, ಹೇಳುವವರಿಗೂ ಸುಸ್ತು.

ಆ ಮನೆಯಲ್ಲಿ ಉತ್ತರ ಕೊಟ್ಟಿದ್ದು ಯಜಮಾನರು. ಐದು ಜನರ ಪರವಾಗಿ ಅವರೊಬ್ಬರೇ.

"ಕಳೆದ 30 ದಿನದಲ್ಲಿ ಯಾರಿಗಾದರೂ ಹುಷಾರಿರಲಿಲ್ವಾ?"

"ಇಲ್ಲ ಮೇಡಂ, ಎಲ್ಲರೂ ಚೆನ್ನಾಗಿದ್ದೀವಿ."

"ಆಸ್ಪತ್ರೆ, ಔಷಧಿ ಅಂತ ಏನಾದರೂ ಖರ್ಚು?"

"ಏನೂ ಇಲ್ಲ."

ಸೊನ್ನೆ ಬರೆದೆ. ಪುಟ ತಿರುಗಿಸಿದೆ.

ಕೆಲಸ ಮುಗಿಸಿ ಎದ್ದೆ. ಅಷ್ಟೊತ್ತೂ ಬಾಗಿಲ ಹತ್ತಿರ ನಿಂತೇ ಇದ್ದ ಅವರ ಹೆಂಡತಿ ನನ್ನ ಹಿಂದೆಯೇ ಹೊರಗೆ ಬಂದರು. ಕೈಯಲ್ಲಿ ಒಂದು ಚೀಟಿ. ನಾಲ್ಕಾಗಿ ಮಡಚಿದ್ದು. ಮಡಚಿದ ಗೆರೆಯಲ್ಲಿ ಕಾಗದ ಸವೆದು ಇನ್ನೇನು ಹರಿಯುವಂತಿತ್ತು. "ಇದರಲ್ಲಿ ಏನ್ ಬರ್ದಿದ್ದಾರೆ ಸ್ವಲ್ಪ ಓದಿ ಹೇಳ್ತೀರಾ ಮೇಡಂ?"

ಡಾಕ್ಟರ್ ಬರೆದುಕೊಟ್ಟದ್ದು. ಎಂಟು ತಿಂಗಳ ಹಿಂದಿನ ತಾರೀಕು. ಎರಡು ಬಗೆಯ ಮಾತ್ರೆ, ಒಂದು ಸ್ಕ್ಯಾನಿಂಗ್. ಮಾತ್ರೆಗಳಲ್ಲಿ ಒಂದನ್ನು ಮಾತ್ರ ತಗೊಂಡಿದ್ದರು, ಅದೂ ಒಂದೇ ಸಲ. ಸ್ಕ್ಯಾನಿಂಗ್ ಮಾಡಿಸಿರಲೇ ಇಲ್ಲ. ಮಾಡಿಸಬೇಕು ಅಂದರೆ ಒಂದು ದಿನ ಪೂರ್ತಿ ಬೇಕು. ಅವರ ಆ ದಿನದ ಕೂಲಿ ಹೋಗುತ್ತದೆ, ಜೊತೆಗೆ ಬರುವವರದ್ದೂ ಹೋಗುತ್ತದೆ. "ನೋವು ಈಗಲೂ ಬರುತ್ತಾ?" ಅಂತ ಕೇಳಿದೆ. "ಬರುತ್ತೆ. ಆದ್ರೆ ಕೆಲಸಕ್ಕೆ ಹೋಗ್ತಾ ಇದ್ದೀನಲ್ಲ" ಅಂದರು.

ಚೀಟಿ ಓದಿ ಹೇಳಿದೆ. ನಮ್ಮ ಪಟ್ಟಿಯಲ್ಲಿದ್ದ ಒಂದು ಆಸ್ಪತ್ರೆಯ ವಿಳಾಸವನ್ನೂ ಬರೆದುಕೊಟ್ಟೆ. ಆದರೆ ಫಾರಂನಲ್ಲಿದ್ದ ಸೊನ್ನೆಯನ್ನು ಮುಟ್ಟಲಿಲ್ಲ. ಆ ತಿಂಗಳ ಖರ್ಚು ನಿಜವಾಗಲೂ ಸೊನ್ನೆಯೇ ಅಲ್ವಾ? ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಂಥ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಆಫೀಸಿನಲ್ಲಿ ಕುಟುಂಬಗಳನ್ನು ಆದಾಯದ ಪ್ರಕಾರ ಐದು ಗುಂಪು ಮಾಡಿ ಚಾರ್ಟ್ ಹಾಕಿದೆ. ತೀರಾ ಕೆಳಗಿನ ಗುಂಪಿನಲ್ಲಿ ಖರ್ಚೂ ಕಡಿಮೆ, ಕಾಯಿಲೆಯೂ ಕಡಿಮೆ. ಮೇಲೆ ಹೋದ ಹಾಗೆ ಎರಡೂ ಏರುತ್ತಿದ್ದವು. ಬಡ ಕುಟುಂಬಗಳ ಮೇಲೆ ಚಿಕಿತ್ಸೆಯ ಹೊರೆ ಅಷ್ಟಾಗಿ ಇಲ್ಲ ಅಂತ ಒಂದು ಸಾಲನ್ನೂ ಬರೆದುಬಿಟ್ಟೆ. ಕರಡು ಓದಿದ ಹಿರಿಯ ಸಹೋದ್ಯೋಗಿ ಆ ಸಾಲಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದರು. "ಈ ಸೊನ್ನೆಗಳಲ್ಲಿ ಹುಷಾರಾಗಿರೋರು ಎಷ್ಟು, ಆಸ್ಪತ್ರೆಗೆ ಹೋಗೋಕೆ ಆಗದೆ ಇರೋರು ಎಷ್ಟು?" ಅಂದರು. ಚೀಟಿ ನೆನಪಾಯಿತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಓದಿದಾಗ ಗೊತ್ತಾಯಿತು, ಇದು ಹಳೆಯ ಗುಂಡಿ. ನಾನು ಹೊಸದಾಗಿ ಬಿದ್ದೆ ಅಷ್ಟೇ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನೇ ಬರೆದಿದ್ದರು. ಭಾರತದಲ್ಲಿ ಜನ ಜಾಸ್ತಿ ವರ್ಷ ಬದುಕುವ ಕೇರಳದಲ್ಲೇ ಕಾಯಿಲೆ ಇದೆ ಅಂತ ಹೇಳಿಕೊಳ್ಳುವವರೂ ಜಾಸ್ತಿ. ಆಯಸ್ಸು ಕಡಿಮೆ ಇದ್ದ ಬಿಹಾರದಲ್ಲಿ ಹೇಳಿಕೊಳ್ಳುವವರು ಕಡಿಮೆ. ಓದು, ಆಸ್ಪತ್ರೆ ಎರಡೂ ಹತ್ತಿರವಿದ್ದವರಿಗೆ ತಮ್ಮ ನೋವಿಗೆ ಒಂದು ಹೆಸರಿದೆ, ಮದ್ದಿದೆ ಅಂತ ಗೊತ್ತಿರುತ್ತದೆ. ಮಿಕ್ಕವರಿಗೆ ಅದು ವಯಸ್ಸಿನ ಸುಸ್ತು, ಕೆಲಸದ ಸುಸ್ತು. ಕೆಲಸಕ್ಕೆ ಹೋಗಲು ಆಗುತ್ತಿದ್ದರೆ ಹುಷಾರಾಗಿದ್ದೀನಿ ಅಂತಲೇ ಲೆಕ್ಕ.

ನನ್ನ ಚಾರ್ಟನ್ನು ಅನುಮಾನದಿಂದ ನೋಡಲು ಇನ್ನೊಂದು ಕಾರಣವೂ ಇತ್ತು. ಬ್ರಿಟನ್ನಿನಲ್ಲಿ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಗಮನಿಸಿತು. ಎಲ್ಲರೂ ಗಂಡಸರು, ಎಲ್ಲರಿಗೂ ಕೆಲಸ ಇತ್ತು. ಆದರೂ 10 ವರ್ಷದಲ್ಲಿ ಕೆಳಗಿನ ದರ್ಜೆಯವರ ಸಾವಿನ ಪ್ರಮಾಣ ಮೇಲಿನ ದರ್ಜೆಯವರದ್ದಕ್ಕಿಂತ ಸುಮಾರು 3 ಪಟ್ಟು ಇತ್ತು. ಮಧ್ಯದ ದರ್ಜೆಯವರು ಮಧ್ಯದಲ್ಲೇ ಇದ್ದರು, ಮೆಟ್ಟಿಲು ಜೋಡಿಸಿದ ಹಾಗೆ. ಅಲ್ಲಿ ಎಣಿಸಿದ್ದು ಸಾವನ್ನು. ಬಾಗಿಲಲ್ಲಿ ನಿಂತು ಯಾರೋ ಕೊಟ್ಟ ಉತ್ತರವನ್ನಲ್ಲ.

ನಾವು ಬಳಸುತ್ತಿದ್ದ ಅಳತೆಗೋಲಿನಲ್ಲೇ ಒಂದು ತೂತಿತ್ತು. ಕುಟುಂಬದ ಒಟ್ಟು ಖರ್ಚಿನಲ್ಲಿ ಶೇ. 10 ಅಥವಾ ಶೇ. 25ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಹೋದರೆ ಆ ಕುಟುಂಬಕ್ಕೆ ಭಾರೀ ಹೊಡೆತ ಬಿದ್ದಿದೆ ಅಂತ ಲೆಕ್ಕ. ಬಹಳ ಕಾಲ, ಬಹಳ ಕಡೆ ಬಳಸಿದ ಗೆರೆ ಇದು. ಸಾಲ ಮಾಡಿ ಆಪರೇಷನ್ ಮಾಡಿಸಿದವರು ಇದರಲ್ಲಿ ಸಿಗುತ್ತಾರೆ. ಸಾಲವೂ ಹುಟ್ಟದೆ ಮನೆಯಲ್ಲೇ ಮಲಗಿದವರು ಸಿಗುವುದಿಲ್ಲ. ಲೆಕ್ಕದಲ್ಲಿ ಅವರು ಆರಾಮಾಗಿರುವವರು!

ಕುಟುಂಬ ಅನ್ನುವುದನ್ನು ಒಂದೇ ಗಂಟು ಮಾಡಿ ನೋಡುವುದೂ ಅಷ್ಟೇ ತೊಂದರೆ. ಬೇರೆ ಬೇರೆ ಗಾತ್ರದ ಕುಟುಂಬಗಳ ಆದಾಯ ಹೋಲಿಸಲು ನಾವು ಒಂದು ಸೂತ್ರ ಹಾಕುತ್ತೇವೆ. ಮೊದಲ ದೊಡ್ಡವರಿಗೆ 1, ಆಮೇಲಿನ ಪ್ರತಿ ದೊಡ್ಡವರಿಗೆ 0.5, 14 ವರ್ಷದೊಳಗಿನ ಮಗುವಿಗೆ 0.3. ಗಂಡ, ಹೆಂಡತಿ, ಎರಡು ಪುಟ್ಟ ಮಕ್ಕಳು ಅಂದರೆ 2.1. ಆದಾಯವನ್ನು ಅದರಿಂದ ಭಾಗಿಸಿ, ಬಂದದ್ದು ಎಲ್ಲರಿಗೂ ಸಮನಾಗಿ ಸಿಕ್ಕಿತು ಅಂದುಕೊಳ್ಳುತ್ತೇವೆ. ಚೀಟಿ ಹಿಡಿದು ನಿಂತವರ ಪಾಲಿಗೆ ಎಷ್ಟು ಬಂತು ಅನ್ನುವುದನ್ನು ಆ 2.1 ಹೇಳುವುದಿಲ್ಲ. ದುಡಿಯುವವರಿಗೆ ಜ್ವರ ಬಂದರೆ ಅವತ್ತೇ ಔಷಧಿ ಬರುತ್ತದೆ. ಉಳಿದವರದ್ದು ಆಮೇಲೆ ನೋಡೋಣ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಯಾರು ಕೆಲಸ ಬಿಟ್ಟರು, ಯಾರು ಶಾಲೆ ಬಿಟ್ಟರು ಅನ್ನುವುದಕ್ಕೆ ನಮ್ಮ ಫಾರಂನಲ್ಲಿ ಕಾಲಂ ಕೂಡ ಇರಲಿಲ್ಲ.

ಸೊನ್ನೆ ಬರೆದ ಮನೆಗಳಿಗೆ ಮತ್ತೆ ಹೋದೆವು. ಪ್ರಶ್ನೆ ಬದಲಾಯಿಸಿಕೊಂಡು ಹೋದೆವು.

ದಾರಿ ತೋರಿಸಿದ್ದು ವಾಷಿಂಗ್ಟನ್ ಗ್ರೂಪ್ ಪ್ರಶ್ನೆಗಳು. ಅಂಗವೈಕಲ್ಯದ ಅಂಕಿಅಂಶ ಸರಿ ಮಾಡಲು 2001ರಲ್ಲಿ ಶುರುವಾದ ಗುಂಪು ಅದು. ಅವರ ಚಿಕ್ಕ ಪಟ್ಟಿಯಲ್ಲಿ 6 ಪ್ರಶ್ನೆ. ಅಂಗವೈಕಲ್ಯ ಅನ್ನುವ ಮಾತೇ ಅದರಲ್ಲಿ ಬರುವುದಿಲ್ಲ. ಕನ್ನಡಕ ಹಾಕಿದರೂ ನೋಡಲು ಕಷ್ಟ ಆಗುತ್ತಾ, ನಡೆಯಲು ಮೆಟ್ಟಿಲು ಹತ್ತಲು ಕಷ್ಟ ಆಗುತ್ತಾ, ಹೀಗೆ ಕೇಳುತ್ತಾರೆ. ಹೆಸರು ಕೇಳಿದರೆ ಇಲ್ಲ ಅನ್ನುವವರು, ಕಷ್ಟ ಕೇಳಿದರೆ ಹೇಳುತ್ತಾರೆ. ನಾವೂ ಕಾಯಿಲೆ ಇದೆಯಾ ಅನ್ನುವುದನ್ನು ಬಿಟ್ಟು, ಯಾವ ಕೆಲಸ ಮಾಡುವಾಗ ನೋವಾಗುತ್ತದೆ ಅಂತ ಶುರು ಮಾಡಿದೆವು. ಜನರ ಆದಾಯ, ಜೀವನಮಟ್ಟ ನೋಡುವ ಯುರೋಪಿನ ಇಯು-ಸಿಲ್ಕ್ ಸಮೀಕ್ಷೆಯಲ್ಲಿರುವ ಹಾಗೆ, ಡಾಕ್ಟರ ಹತ್ತಿರ ಹೋಗಬೇಕಾಗಿದ್ದೂ ಹೋಗದೆ ಇದ್ದದ್ದು ಉಂಟಾ, ಯಾಕೆ ಅಂತಲೂ ಸೇರಿಸಿದೆವು. ದುಡ್ಡಾ, ದೂರವಾ, ಕಾಯುವುದಾ? ಜೊತೆಗೆ ಬರುವವರಿಲ್ಲ ಅನ್ನುವ ಕಾರಣ ನಮ್ಮದೇ ಸೇರ್ಪಡೆ. ಆ ಚೀಟಿಯ ನೆನಪಿಗೆ.

ಇನ್ನೊಂದು ನಿಯಮ ಮಾಡಿಕೊಂಡೆವು. ಆರೋಗ್ಯದ ಪುಟವನ್ನು ಮನೆಯ ಪ್ರತಿ ದೊಡ್ಡವರ ಹತ್ತಿರವೂ ಬೇರೆ ಬೇರೆಯಾಗಿ ಕೇಳಬೇಕು. ಹೇಳಿದಷ್ಟು ಸುಲಭ ಅಲ್ಲ. ಯಜಮಾನರು ಕದಲುವುದೇ ಇಲ್ಲ. ಆಗ ನಮ್ಮಲ್ಲೊಬ್ಬರು ಅವರನ್ನು ಆದಾಯದ ಪುಟಕ್ಕೆ ಕೂರಿಸಿಕೊಳ್ಳುವುದು, ಇನ್ನೊಬ್ಬರು ಒಳಗೆ ಹೋಗುವುದು. ಸ್ವಲ್ಪ ಉಪಾಯವೇ, ಒಪ್ಪುತ್ತೇನೆ.

ಚಾರ್ಟ್ ಪೂರ್ತಿ ತಿರುಗಲಿಲ್ಲ, ಆದರೆ ಅದರಲ್ಲಿ ಕೆಳಗಿನ ಗುಂಪಿನ ಕಾಯಿಲೆಯ ಕಂಬ ಮೊದಲಿನಷ್ಟು ಚಿಕ್ಕದಾಗಿ ಉಳಿಯಲಿಲ್ಲ. ನನ್ನ ಆ ಸಾಲು ವರದಿಯಿಂದ ಹೋಯಿತು. ಈಗ ಹೊಸಬರಿಗೆ ತರಬೇತಿ ಕೊಡುವಾಗ ಸೊನ್ನೆಗೆ ಮೂರು ಕೋಡ್ ಕಲಿಸುತ್ತೇನೆ. ಬೇಕಾಗಲಿಲ್ಲ, ಪುಕ್ಕಟೆ ಸಿಕ್ಕಿತು, ಬೇಕಿತ್ತು ಆದರೆ ಹೋಗಲಿಲ್ಲ. ಒಂದು ಮನೆಗೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ ಅಂತ ಎಲ್ಲರೂ ಗೊಣಗುತ್ತಾರೆ.

ಮೊನ್ನೆ ಫೀಲ್ಡಿನಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಮೇಡಂ, ಇಲ್ಲೊಬ್ಬರು ಬಿಪಿ ಮಾತ್ರೆ ತಗೋತಾರೆ, ಆದ್ರೆ ಮುರಿದು ದಿನಕ್ಕೆ ಅರ್ಧ. ಒಂದು ತಿಂಗಳಿಂದು ಎರಡು ತಿಂಗಳು ಬರ್ಲಿ ಅಂತ. ಈ ತಿಂಗಳ ಖರ್ಚು ಸೊನ್ನೆ. ಯಾವ ಕೋಡ್ ಹಾಕ್ಲಿ?"

ಸದ್ಯಕ್ಕೆ ಅಂಚಿನಲ್ಲಿ ಬರೆದಿಡು ಅಂದೆ. ಅದಕ್ಕೆ ನಮ್ಮಲ್ಲಿ ಕೋಡ್ ಇಲ್ಲ.