ನೇರ ನೋಡಿ ಸರ್

ಇವತ್ತು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸ್ಕೊಳಕ್ಕೆ ಹೋಗಿದ್ದೆ.
ಸ್ಟುಡಿಯೋ ಹುಡುಗ "ನಗಬೇಡಿ, ನೇರ ನೋಡಿ ಸರ್" ಅಂದ. ಎರಡು ಸೆಕೆಂಡ್ ಲೆನ್ಸ್ ನೋಡೋಷ್ಟರಲ್ಲಿ ನಂಗೇ ಏನೋ ಮುಜುಗರ, ಕಣ್ಣು ಎಲ್ಲೋ ಜಾರ್ತು, ಮೂರು ಸಲ ತೆಗ್ದ ಪಾಪ.

ಬಸ್ಸಲ್ಲಿ ಬರ್ತಾ ಝನೆಲೆ ಮುಹೋಲಿ ನೆನಪಾದ್ರು. ದಕ್ಷಿಣ ಆಫ್ರಿಕಾದವರು, 2006ರಿಂದ ಅಲ್ಲಿನ ಕಪ್ಪು ಲೆಸ್ಬಿಯನ್, ಟ್ರಾನ್ಸ್ ಜನರ ಪೋರ್ಟ್ರೇಟ್ ತೆಗೀತಾ ಬಂದಿದಾರೆ, ಬ್ಲ್ಯಾಕ್ ಅಂಡ್ ವೈಟು. ಅದೇ ವರ್ಷ ಅಲ್ಲಿ ಸಲಿಂಗ ಮದುವೆ ಕಾನೂನಾಯ್ತು, ಆದ್ರೆ ಬೀದೀಲಿ ಹೊಡೆತ, ಕೊಲೆ ಎಲ್ಲಿ ನಿಂತ್ವು.

ಫೋಟೋದಲ್ಲಿರೋರನ್ನ ಅವರು ಸಬ್ಜೆಕ್ಟ್ ಅನ್ನಲ್ಲ, ಪಾಲ್ಗೊಂಡವರು ಅಂತಾರೆ.
ನಾನು ನೋಡಿರೋ ಆ ಮುಖಗಳಲ್ಲಿ ಕಣ್ಣು ನೆಟ್ಟಗೆ ನಮ್ಮ ಮೇಲೇ ಇರುತ್ತೆ ಕಣ್ರೀ, ನೋಡೋ ನಾವೇ ಆಮೇಲೆ ತಲೆ ತಗ್ಗಿಸ್ಬೇಕು ಹಂಗೆ.

ನಂದು ಎಂಟು ಕಾಪಿ ಬಂದಿದೆ. ಎಂಟರಲ್ಲೂ ಕಳ್ಳನ ಥರಾನೇ ಇದೀನಿ.