ಉಳ್ಳಾಗಡ್ಡಿ, ಕಾಕಾ ಮತ್ತು ನಾನು

ರಫ್ತಿಗೆ ಯಾವ ತಡೆಯೂ ಬೇಡ ಅನ್ನೋದು ನಮ್ಮ ಕಾಕಾನ ವಾದ. ಕೊಲ್ಹಾರದ ಹತ್ತಿರ ಉಳ್ಳಾಗಡ್ಡಿ ಬೆಳೆಯುತ್ತಾರೆ, ಅವರ ಮಾತಿನಲ್ಲಿ ನ್ಯಾಯ ಇದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಶೇ 40 ರಫ್ತು ಸುಂಕ ಹಾಕಿತು. ಡಿಸೆಂಬರ್‌ನಲ್ಲಿ ರಫ್ತನ್ನೇ ನಿಲ್ಲಿಸಿತು. ಚೀಲ ತುಂಬಿ, ಬಾಯಿ ಹೊಲಿದು, ಗಾಡಿಗೆ ಹೇಳಿದ ಮೇಲೆ ದರ ಬಿತ್ತು.

ಆದರೂ ನಾನು ಪೂರ್ತಿ ಕಾಕಾನ ಕಡೆ ಇಲ್ಲ. ವಿಜಯಪುರದಲ್ಲಿ ದಿನಗೂಲಿ ಮಾಡುವವರೂ ಅದೇ ಉಳ್ಳಾಗಡ್ಡಿ ಕೊಳ್ಳಬೇಕು, ಅಲ್ವಾ? ದರ ಏರಿದರೆ ಯಾವ ಸರ್ಕಾರವೂ ಸುಮ್ನೆ ಕೂರಲ್ಲ. ಹಾಗಿದ್ದರೆ ಸಣ್ಣ ಸುಂಕ ಇರಲಿ, ನಿಷೇಧ ಬೇಡ. ಸುಂಕ ಇದ್ದರೆ ವ್ಯಾಪಾರಿ ಲೆಕ್ಕ ಹಾಕಿಯಾದರೂ ಕೊಳ್ಳುತ್ತಾನೆ. ನಿಷೇಧ ಬಂದರೆ ಫೋನೇ ಎತ್ತಲ್ಲ.

‘ಅರ್ಧ ಸೋತಂಗ ಆತಲ್ಲೋ’ ಅಂತಾರೆ ಕಾಕಾ. ಇರಬಹುದು. 2024ರ ಮೇ ತಿಂಗಳಲ್ಲಿ ನಿಷೇಧ ಹೋಯಿತು, ಸುಂಕ ಉಳಿಯಿತು. 2025ರ ಏಪ್ರಿಲ್ 1ರಿಂದ ಅದೂ ಇಲ್ಲ. ಮುಂದೆ ಹಾಕೋದೇ ಆದರೆ ಬಿತ್ತುವ ಮೊದಲೇ ಹೇಳಲಿ. ಇದನ್ನು ಕೇಳುವಾಗ ಮಾತ್ರ ನಾನೂ ಕಾಕಾನೂ ಒಂದೇ.