ಮೊದಲು ಏಳಬೇಕಾದವರು ಯಾರು?

ನಾನು ಹಳಿಯಾಳ ಕಡೆಯ ಸಿದ್ದಿ ಹುಡುಗ. ಹೈಸ್ಕೂಲಿಗೆಂದು ಕಾರವಾರಕ್ಕೆ ಬಂದು ಅಲ್ಲಿನ ಒಂದು ಶಾಲೆಯ ಬೋರ್ಡಿಂಗ್‌ನಲ್ಲಿ ಉಳಿದೆ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ನಮ್ಮ ಮನೆಯವರು ಕ್ರೈಸ್ತರು. ಆಫ್ರಿಕಾದಿಂದ ನಮ್ಮ ಹಿರಿಯರನ್ನು ಗುಲಾಮರಾಗಿ ಹಡಗು ಹತ್ತಿಸಿ ತಂದವರಲ್ಲಿ ಪೋರ್ಚುಗೀಸರೂ ಇದ್ದರು. ಗೋವಾದಿಂದ ತಪ್ಪಿಸಿಕೊಂಡು ಎಷ್ಟೋ ಜನ ಘಟ್ಟದ ಕಾಡು ಸೇರಿದರು. ತಂದವರು ಕೈಮುಗಿದದ್ದೂ ಶಿಲುಬೆಗೆ, ನಾವು ಕೈಮುಗಿಯುವುದೂ ಅದಕ್ಕೇ. ಇದು ಚಿಕ್ಕಂದಿನಿಂದಲೂ ನನ್ನನ್ನು ಕಾಡುತ್ತಿತ್ತು.

ಬೋರ್ಡಿಂಗ್‌ನಲ್ಲಿ ಗಂಜಿ ಬಡಿಸುವುದು ಸರದಿಯ ಕೆಲಸ. ಒಂದು ರಾತ್ರಿ ನನ್ನ ಸರದಿ. ನನ್ನದೇ ತರಗತಿಯ ಒಬ್ಬ ಹುಡುಗ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ. "ನೀನು ಬೇಡ, ಬೇರೆಯವರು ಹಾಕಲಿ" ಎಂದ. ಸೌಟಿನಲ್ಲಿದ್ದ ಬಿಸಿ ಗಂಜಿ ಅವನ ಬೆರಳ ಸಂದಿಯಿಂದ ಬೆಂಚಿನ ಮೇಲೆ ಇಳಿಯಿತು. ಆದರೂ ಅವನು ಕೈ ತೆಗೆಯಲಿಲ್ಲ. ಅವನೂ ಕ್ರೈಸ್ತನೇ. ಚರ್ಚಿನಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಹಾಡುತ್ತಿದ್ದೆವು.

ದೊಡ್ಡ ಹುಡುಗರೆಲ್ಲ ನನಗೇ ಬುದ್ಧಿ ಹೇಳಿದರು. "ಬಿಡೋ, ಕ್ಷಮಿಸಿಬಿಡು. ಯೇಸು ಹೇಳಿದ್ದು ಅದೇ ಅಲ್ವಾ?"

ವಾರ್ಡನ್ ಫಾದರ್ ಹಾಗೆ ಹೇಳಲಿಲ್ಲ. ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯ ತೆಗೆದು ಎಲ್ಲರ ಮುಂದೆ ನನ್ನಿಂದಲೇ ಓದಿಸಿದರು. ಕಾಣಿಕೆ ಹಿಡಿದು ಬಲಿಪೀಠದ ಬಳಿ ಬಂದಾಗ, ನಿನ್ನ ಸೋದರನಿಗೆ ನಿನ್ನ ಮೇಲೆ ದೂರಿದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ರಾಜಿಯಾಗು ಎನ್ನುವ ಭಾಗ ಅದು. "ಇಲ್ಲಿ ಎದ್ದು ಹೋಗಬೇಕಾದವನು ಯಾರು?" ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ನೊಂದವನು ಅಲ್ಲ, ನೋಯಿಸಿದವನು. ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಅಲ್ಲಿಯವರೆಗೆ ಕ್ಷಮೆಯ ಹೊರೆ ಹೊರಬೇಕಾದವರು ನಾವೇ ಅಂದುಕೊಂಡಿದ್ದೆ.

ಅದು 1996. ದಕ್ಷಿಣ ಆಫ್ರಿಕಾದಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ, ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳನ್ನು ಬಯಲಿಗೆ ತರುವ ಸತ್ಯ ಮತ್ತು ಸಮನ್ವಯ ಆಯೋಗದ ವಿಚಾರಣೆ ಶುರುವಾಗಿತ್ತು. ಫಾದರ್ ಪೇಪರ್ ಓದಿ ಹೇಳುತ್ತಿದ್ದರು. ಅಲ್ಲಿ ನೊಂದವರು ಎಲ್ಲರೆದುರು ತಮ್ಮ ಕಥೆ ಹೇಳಿದರು. ರಾಜಕೀಯ ಕಾರಣಕ್ಕೆ ಅಪರಾಧ ಮಾಡಿ ಕ್ಷಮಾದಾನ ಕೇಳಿದವರು ಮಾಡಿದ್ದನ್ನು ಪೂರ್ತಿ ಒಪ್ಪಿ ಹೇಳಬೇಕಿತ್ತು. ಮುಚ್ಚಿಟ್ಟರೆ ಕ್ಷಮಾದಾನ ಇಲ್ಲ.

ಮುಂದೆ ನಾನೇ ಓದಿ ತಿಳಿದ ಇನ್ನೊಂದು ಸಂಗತಿ ನನ್ನನ್ನು ಇನ್ನೂ ಜಾಸ್ತಿ ಅಲ್ಲಾಡಿಸಿತು. ಅಲ್ಲಿನ ಡಚ್ ರಿಫಾರ್ಮ್ಡ್ ಚರ್ಚಿನ ಸಭೆ 1857ರಲ್ಲಿ, ಕೆಲವರ ದೌರ್ಬಲ್ಯದ ಕಾರಣಕ್ಕೆ ಎಂದು ಹೇಳಿ, ಬಿಳಿಯರಲ್ಲದವರಿಗೆ ಬೇರೆಯೇ ಆರಾಧನೆ ನಡೆಸಲು ಒಪ್ಪಿತು. ಬಿಳಿಯರಿಗೆ ಅವರ ಜೊತೆ ಪ್ರಭುವಿನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ, ಕೂರಲು ಮನಸ್ಸಿರಲಿಲ್ಲ. 1881ರಲ್ಲಿ ಅವರಿಗೆ ಬೇರೆ ಚರ್ಚೇ ಆಯಿತು. ಹಾಗೆ ಹೊರಗಿಟ್ಟ ಚರ್ಚೇ 1986ರಲ್ಲಿ ಬೆಲ್ಹಾರ್ ವಿಶ್ವಾಸಪ್ರಕಟಣೆಯನ್ನು ಅಂಗೀಕರಿಸಿ, ಬಣ್ಣದ ಹೆಸರಲ್ಲಿ ಜನರನ್ನು ಬೇರ್ಪಡಿಸುವುದು ಶುಭಸಂದೇಶಕ್ಕೇ ವಿರುದ್ಧ ಎಂದು ಸಾರಿತು. ಊಟದ ಪಂಕ್ತಿಯಲ್ಲಿ ಬಿಟ್ಟ ಬಿರುಕು ದೇಶವನ್ನೇ ಒಡೆಯಬಲ್ಲದು. ತಟ್ಟೆಗೆ ಅಡ್ಡ ಬಂದ ಅಂಗೈ ಸಣ್ಣ ವಿಷಯ ಅಂತ ನಾನು ಯಾವತ್ತೂ ಒಪ್ಪುವುದಿಲ್ಲ.

ನಮ್ಮ ಬೋರ್ಡಿಂಗ್‌ನ ಆ ಹುಡುಗ ಆ ಭಾನುವಾರ ಚರ್ಚಿನಲ್ಲಿ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳಲು ಏಳಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಫಾದರ್ ಅವನನ್ನು ಒತ್ತಾಯಿಸಲಿಲ್ಲ. ಕೆಲವು ದಿನ ಕಳೆದು ಬಾವಿಕಟ್ಟೆಯ ಹತ್ತಿರ ನನ್ನೆದುರು ಬಂದು ನಿಂತ. "ಮನೆಯಲ್ಲಿ ಹಾಗೇ ಕಲಿಸಿದ್ರು. ಆದರೆ ಕೈ ಅಡ್ಡ ಹಿಡಿದವನು ನಾನೇ. ತಪ್ಪಾಯ್ತು" ಎಂದ. ನಾನು ತಕ್ಷಣ ಏನೂ ಹೇಳಲಿಲ್ಲ. ಅವನು ಕಾದ. ಅವನು ಹಾಗೆ ಕಾದದ್ದೇ ನನಗೆ ದೊಡ್ಡದಾಗಿ ಕಂಡಿತು. ಆ ರಾತ್ರಿ ಅವನ ಸರದಿ, ಇಬ್ಬರೂ ಸೇರಿ ಬಡಿಸಿದೆವು.

2003ರಲ್ಲಿ ನಮ್ಮವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಓದಿನ, ನೌಕರಿಯ ದಾರಿ ಸ್ವಲ್ಪ ಸಲೀಸಾಯಿತು. ಆದರೆ ಪಕ್ಕದಲ್ಲಿ ಕೂರುವ ಮನಸ್ಸನ್ನು ಸರಕಾರಿ ಆದೇಶ ತರಲಾರದು. ಈಗ ನಾನು ಊರಲ್ಲಿ ಮೇಷ್ಟ್ರು. ಜಗಳದ ಪಂಚಾಯಿತಿಯಲ್ಲಿ ಯಾರಾದರೂ ನೊಂದವನಿಗೆ "ಸುಮ್ನೆ ಹೊಂದಿಕೊಂಡು ಹೋಗು" ಎಂದರೆ, ಎದುರು ಪಕ್ಷದವರು ಮೊದಲು ಏಳಲಿ ಎನ್ನುತ್ತೇನೆ. ಕೆಲವರು ಸಿಟ್ಟಾಗಿ ಹೊರಟುಹೋಗುತ್ತಾರೆ. ಕೆಲವರು ಎದ್ದು ಬರುತ್ತಾರೆ, ಮಾತು ಅಲ್ಲಿಂದ ಶುರುವಾಗುತ್ತದೆ.